ನೀರು ನಿಂತ ಕಣ

ತಂತಿಜಾಲರಿಯ ಗೋಡೆ ಒಂದು ಕಡೆ ಬಾಯಿ ಬಿಟ್ಟು, ಹನ್ನೊಂದು ಸಾವಿರ ಲೀಟರು ನೀರು ಅಗಡಿಯ ಓಣಿಗೆ ನುಗ್ಗಿ, ಪಕ್ಕದ ಮನೆಯ ನೀಲವ್ವನ ಕುಳ್ಳಿನ ರಾಶಿಯನ್ನು ತೇಲಿಸಿಕೊಂಡು ಹೋಗಬಹುದಿತ್ತು. ತಳದ ಮಣ್ಣು ಕುಸಿದು ಇಡೀ ತೊಟ್ಟಿ ಮನೆಯ ಕಡೆಗೆ ವಾಲಬಹುದಿತ್ತು. ನಾನೇ ಕಾಯಿಸಿ ಅಂಟಿಸಿದ ಹಾಳೆಯ ಬೆಸುಗೆ ಬಿಚ್ಚಿಕೊಂಡು, ಇಪ್ಪತ್ತು ವರ್ಷ ತಾಡಪತ್ರಿ ಮಾರಿದವನ ಮಾನ ಸ್ವಂತ ಅಕ್ಕನ ಅಂಗಳದಲ್ಲೇ ಹರಿದುಹೋಗಬಹುದಿತ್ತು. ಇಲಿ ಕಡಿಯಬಹುದಿತ್ತು, ಹೆಗ್ಗಣ ಕೆಳಗಿನಿಂದ ತೋಡಬಹುದಿತ್ತು, ನೀರು ಕಂಡ ಎಮ್ಮೆ ಹಗ್ಗ ಹರಿದುಕೊಂಡು ಬಂದು ಒಳಗಿಳಿಯಬಹುದಿತ್ತು. ಹಾವು ಬರಬಹುದಿತ್ತು, ಬಂದದ್ದು ಹೊರಗೆ ಹೋಗಲು ದಾರಿ ಕಾಣದೆ ಅಲ್ಲೇ ಸಂಸಾರ ಹೂಡಬಹುದಿತ್ತು. ಸೊಳ್ಳೆ, ಪಾಚಿ, ಜನರ ಕಣ್ಣು. ಬೋರು ಬತ್ತಬಹುದಿತ್ತು. 'ಬೇಸಗೆಯಲ್ಲಿ ಊರು ಕೊಡ ಹಿಡಿದು ನಿಂತಿರುವಾಗ ಇವರಿಗೆ ಜಳಕದ ಹೊಂಡ ಬೇಕಾಗಿದೆ' ಎಂದು ಯಾರಾದರೂ ಪಂಚಾಯಿತಿಗೆ ಅರ್ಜಿ ಕೊಡಬಹುದಿತ್ತು. ಅಕ್ಕ ಜಾರಬಹುದಿತ್ತು; ಅವಳನ್ನು ಹಿಡಿಯಲು ಹೋಗಿ ಮಾವ ಜಾರಬಹುದಿತ್ತು; ಇಬ್ಬರನ್ನೂ ಹಿಡಿಯಲು ಹೋಗಿ, ಈಜು ಬಾರದ ನಾನು, ನನ್ನ ಹೊಟ್ಟೆಯಷ್ಟೇ ಆಳದ ನೀರಿನಲ್ಲಿ ಮುಳುಗಿ ಪೇಪರಿನಲ್ಲಿ ಬರಬಹುದಿತ್ತು.

ಈ ಪಟ್ಟಿ ಈಗಲೂ ನನ್ನ ಡೈರಿಯ ಹಿಂದಿನ ಪುಟಗಳಲ್ಲಿದೆ. ನಂಬರು ಹಾಕಿ ಬರೆದಿದ್ದೇನೆ. ಕೊನೆಯದು, ಮೂವತ್ತೇಳನೆಯದು, 'ಭೂಕಂಪ' ಎಂದಿದೆ. ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕುವಷ್ಟು ವಿವೇಕ ಆಗ ಉಳಿದಿತ್ತು.

ಮೊನ್ನೆ ರಾಣೆಬೆನ್ನೂರಿನ ನನ್ನ ಅಂಗಡಿಗೆ ಬಂದ ರೈತನೊಬ್ಬ, ತೂತು ಇದೆಯೇ ಎಂದು ನೋಡಲು, ಬಿಸಿಲಿಗೆ ಹರವಿದ್ದ ಹೊಸ ಹಾಳೆಯ ಮೇಲೆ ಒಂದು ಕೊಡ ನೀರು ಸುರುವಿದ. ಕಾದ ಪ್ಲಾಸ್ಟಿಕ್ಕು, ತಣ್ಣೀರು, ಅಂಚಿನಲ್ಲಿ ನೆನೆದ ಮಣ್ಣು, ಮೂರೂ ಸೇರಿ ಎದ್ದ ವಾಸನೆಗೆ ನಾನು ಹಾಗೇ ನಿಂತುಬಿಟ್ಟೆ. "ಯಾಕ್ರೀ, ತೂತ ಐತೇನು?" ಎಂದು ಅವನೇ ಗಾಬರಿಯಾದ. ತೂತಿರಲಿಲ್ಲ. ನಾನು ಮೂರು ವರ್ಷ ಹಿಂದಿನ ಬೇಸಗೆಗೆ ಹೋಗಿ, ಅಗಡಿಯ ಅಂಗಳದಲ್ಲಿ ಮೊಣಕಾಲೂರಿ ಕುಳಿತಿದ್ದೆ.

ಆ ವರ್ಷ ಸಂಕ್ರಾಂತಿ ಮುಗಿದ ವಾರಕ್ಕೆ ನನ್ನ ಅಕ್ಕ ಶಾರದಾ ಅಟ್ಟದ ಮೇಲಿನ ಡಬ್ಬಿಗೆ ಕೈಚಾಚಲು ಸ್ಟೂಲು ಹತ್ತಿ ಬಿದ್ದಳು. ಬೆನ್ನಿನ ಆಪರೇಷನ್ನಾಯಿತು. ಬೆನ್ನು ನೆಟ್ಟಗಾಯಿತು, ಬಲಗಾಲು ಮಾತ್ರ ಹರಡಿನಿಂದ ಕೆಳಗೆ ಬೇರೆ ಯಾರದ್ದೋ ಆಯಿತು. ಪಾದ ಅಲ್ಲಾಡುತ್ತಿತ್ತು, ಆದರೆ ಅದಕ್ಕೆ ನೆಲ ತಿಳಿಯುತ್ತಿರಲಿಲ್ಲ. ಚಪ್ಪಲಿ ಕಳಚಿದರೆ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಕಿರಾಣಿ ಅಂಗಡಿಯಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದು, ಇನ್ನೊಂದನ್ನು ನಾಯಿ ಒಯ್ದಿತೆಂದು ನಾಯಿಯನ್ನು ಬೈದಿದ್ದಳು.

ಅಕ್ಕ ಅಗಡಿಯ ಟೇಲರು. ಮೂವತ್ತು ವರ್ಷದಿಂದ ಊರಿನ ಹೆಂಗಸರ ಜಂಪರು ಅವಳ ಕಾಲುಮಶಿನ್ನಿನ ಕೆಳಗಿಂದಲೇ ಬರಬೇಕು. ನನಗೆ ಸೂಜಿ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಆಮೇಲೆ ನಾನು ಲಾರಿಯ ಮೇಲಿನ ಹೊದಿಕೆ, ಕೃಷಿಹೊಂಡದ ಹಾಳೆ ಎಂದು ದೊಡ್ಡ ಅಳತೆಗೆ ಹೋದೆ, ಅಷ್ಟೇ. ಮಶಿನ್ನಿನ ಮುಂದೆ ಕುಳಿತು ತುಳಿದರೆ ಅವಳ ಬಲಪಾದ ಹೊತ್ತು ತಪ್ಪುತ್ತಿತ್ತು, ಗಾಲಿ ಹಿಂದಕ್ಕೆ ತಿರುಗಿ ದಾರ ಹರಿಯುತ್ತಿತ್ತು. ಮೋಟರು ಹಾಕಿಸೋಣ ಎಂದೆ.

"ಮೋಟರಿಗೂ ಕಾಲ ಬೇಕಲ್ಲೋ ಮಬ್ಬ," ಅಂದಳು ಅಕ್ಕ. "ಎಷ್ಟ ಒತ್ತೇನಿ ಅಂತ ಕಾಲಿಗೆ ತಿಳೀಬೇಕಲ್ಲ. ಇಲ್ಲಂದ್ರ ಜಂಪರ ಜೋಡಿ ನನ್ನ ಬೆಳ್ಳೂ ಹೊಲದ ಹೋಕ್ಕತಿ."

ಹಾವೇರಿಯ ಡಾಕ್ಟರು ಕಾಲನ್ನು ತಟ್ಟಿ, ಗೀರಿ, ಸೂಜಿ ಮುಟ್ಟಿಸಿ ನೋಡಿ, "ನರ ಸತ್ತಿಲ್ರಿ, ಮಲಗೇತಿ" ಎಂದರು. "ಎದಿಮಟ ನೀರಿನಾಗ ದಿನಾ ಅರ್ಧ ತಾಸು ಬರಿಗಾಲಲೆ ಅಡ್ಡಾಡಸ್ರಿ. ಮೈಭಾರ ಇರಂಗಿಲ್ಲ, ಅಂಗಾಲಿಗೆ ನೆಲ ಮುಟ್ಟತಿರತೈತಿ. ಮಳಿಗಾಲ ಹಿಡಿಯೂದ್ರೊಳಗ ಎಚ್ಚರಾದ್ರ ಆತು. ಆಗಲಿಲ್ಲಂದ್ರ ಹಿಂಗ ಉಳದರೂ ಉಳೀತು."

ಎದೆಮಟ್ಟದ ನೀರು ಎಲ್ಲಿದೆ? ಕೆರೆಯ ದಂಡೆ ಜಾರುತ್ತದೆ. ಬಾವಿಗೆ ಮೆಟ್ಟಿಲು. ಪಟ್ಟಣಕ್ಕೆ ದಿನಾ ಬಸ್ಸು ಹತ್ತಿಸಿ ಇಳಿಸುವುದೇ ಒಂದು ಆಪರೇಷನ್ನು. ಅಲ್ಲದೆ, "ಗಂಡಸರು ಚಡ್ಡಿ ಮ್ಯಾಲ ಜಿಗಿಯೂ ನೀರಿಗೆ ನಾ ಇಳಿಯಂಗಿಲ್ಲ" ಎಂದು ಅಕ್ಕ ತೀರ್ಪು ಕೊಟ್ಟಾಗಿತ್ತು. ಆ ಹೊತ್ತಿಗೆ ನನಗೆ ಹೊಸರಿತ್ತಿಯ ಗಿರಾಕಿಯೊಬ್ಬ ನೆನಪಾದ. ಮೀನು ಸಾಕುತ್ತೇನೆಂದು ನೆಲದ ಮೇಲೆ ನಿಲ್ಲಿಸುವ ದುಂಡು ತೊಟ್ಟಿ ಮಾಡಿಸಿ, ನನ್ನಿಂದಲೇ ಹಾಳೆ ಹಾಕಿಸಿಕೊಂಡು, ಒಂದೇ ವರ್ಷಕ್ಕೆ ಮೀನಿನ ಸಹವಾಸ ಬಿಟ್ಟವನು. ಹನ್ನೆರಡು ಅಡಿ ಅಗಲದ, ನಾಲ್ಕಡಿ ಎತ್ತರದ ಕಬ್ಬಿಣದ ಜಾಲರಿ ಅವನ ಹಿತ್ತಲಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. ಕೇಳಿದೆ. "ಒಯ್ರಿ ಅತ್ಲಾಗ, ಅದನ್ನ ನೋಡಿದ್ರ ನಮ್ಮ ಮನ್ಯಾಕಿ ಮೀನ ನೆನಸ್ಕೊಂಡು ನಗತಾಳ" ಎಂದ.

ನನ್ನ ಹೆಂಡತಿ ಸುಮಾ ಸುದ್ದಿ ಕೇಳಿ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು. "ಗೀಜರ್ ಸ್ವಿಚ್ ಒತ್ತಿ ಹೊರಗ ಓಡಿ ನಿಲ್ಲೋರು ನೀವು. ನೀವು ತೊಟ್ಟಿ ಕಟ್ಟೋರಾ?"

ಅವಳ ಮಾತು ಖರೆ. ಆದರೆ ಗೋಡೆ ಸಿಕ್ಕಿತ್ತು, ಹಾಳೆ ನನ್ನ ಕಸುಬು. ಉಳಿದದ್ದು ತಳ. ಒಂದು ತುಂಬಿದ ಲಾರಿಯಷ್ಟು ಭಾರದ ನೀರು ಒಂದೇ ಜಾಗದಲ್ಲಿ ನಿಲ್ಲಬೇಕಾದರೆ ಕೆಳಗಿನ ನೆಲ ಗಟ್ಟಿ ಇರಬೇಕು, ಸಮ ಇರಬೇಕು, ನುಣ್ಣಗಿರಬೇಕು. ಇದನ್ನು ಮಾವನಿಗೆ ಹೇಳಿದೆ. ಅಕ್ಕನ ಗಂಡ ಫಕ್ಕೀರಪ್ಪ ಮಾವ, ಅಗಡಿಯ ಒಕ್ಕಲಿಗ, ಅರವತ್ತೆರಡು ವಯಸ್ಸು, ಮಾತು ಕಡಿಮೆ. ಅವರ ಮುಖ ನಾನು ಕಂಡರಿಯದ ರೀತಿಯಲ್ಲಿ ಅರಳಿತು.

"ಅಂದ್ರ ಕಣ ಮಾಡಬೇಕನ್ನು!"

ಅಗಡಿಯಲ್ಲಿ ಯಾರೂ ಕಣ ಮಾಡಿ ಎಷ್ಟು ವರ್ಷವಾಗಿತ್ತೋ. ಜೋಳ, ಗೋವಿನಜೋಳ ಎಲ್ಲ ಈಗ ಮಶಿನ್ನಿನ ಬಾಯಿಗೆ, ಇಲ್ಲವೇ ಡಾಂಬರು ರಸ್ತೆಗೆ. ಒಂದು ಕಾಲಕ್ಕೆ ಫಕ್ಕೀರಪ್ಪ ಮಾವನ ಒಕ್ಕಣೆಯ ನೆಲವೆಂದರೆ ಕಾಳು ಬಿದ್ದರೆ ಸಪ್ಪಳ ಕೇಳಿಸುತ್ತಿತ್ತಂತೆ. ಮರುದಿನವೇ ಅಂಗಳದ ಬೇವಿನ ಮರದಿಂದ ದೂರಕ್ಕೆ ಗೂಟ ಬಡಿದು, ಹಗ್ಗ ಕಟ್ಟಿ, ಸುತ್ತು ತಿರುಗಿ ಗೆರೆ ಕೊರೆದರು. ಹುಲ್ಲನ್ನು ಬೇರುಸಹಿತ ಕಿತ್ತರು. ಬೇರು ಉಳಿದರೆ ಹಾಳೆ ತೂತಾಗುತ್ತದೆ ಎಂದು ನಾನು ಅವರ ಹಿಂದೆ ಹಿಂದೆ ಹೋಗಿ, ಕಿತ್ತ ಜಾಗವನ್ನು ಮತ್ತೆ ಕಿತ್ತೆ. ಮೇಲೆ ಹಾಕುವ ಕೆಮ್ಮಣ್ಣನ್ನು ಜರಡಿ ಹಿಡಿಯುವ ಕೆಲಸವನ್ನು ನಾನೇ ಕೇಳಿ ಪಡೆದೆ. ಮೊದಲು ಮರಳಿನ ಜರಡಿ, ಆಮೇಲೆ ಗೋದಿಯ ಜರಡಿ, ಕೊನೆಗೆ ಅಕ್ಕ ನೋಡದಿದ್ದಾಗ ಅವಳ ಅಡುಗೆಮನೆಯ ಹಿಟ್ಟಿನ ಜರಡಿ.

ನೀಲವ್ವ ನಡುಗೋಡೆಯ ಮೇಲಿಂದ ಇದನ್ನು ನೋಡುತ್ತ ನಿಂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಆ ಬೇಸಗೆಯಲ್ಲಿ ಅವಳು ಆ ಗೋಡೆ ಬಿಟ್ಟು ಕದಲಿದ್ದನ್ನು ನಾನು ಕಾಣೆ. "ಯಪ್ಪಾ ಬಸಣ್ಣ, ಮಣ್ಣಿಂದ ಶಾವಿಗಿ ಹೊಸಿತೀರೇನು?" ಎಂದಳು.

ಮಣ್ಣು ಹರವಿ, ನೀರು ಚಿಮುಕಿಸಿ, ಒಂದು ರಾತ್ರಿ ನೆನೆಯಲು ಬಿಟ್ಟು, ನೆಲ ಅದುಮುವ ರೋಣಗಲ್ಲು ಉರುಳಿಸಿ ಎಳೆಯಬೇಕು. ಕಲ್ಲು ನೀಲವ್ವನ ಹಿತ್ತಲಲ್ಲೇ ಬಟ್ಟೆ ಒಣಗಿಸುವ ಆಸರೆಯಾಗಿ ಬಿದ್ದಿತ್ತು. ಎತ್ತು ಮಾವನ ಹತ್ತಿರ ಈಗಿಲ್ಲ. ಹಗ್ಗದ ಒಂದು ತುದಿಗೆ ಮಾವ, ಇನ್ನೊಂದಕ್ಕೆ ನಾನು. ಅಕ್ಕ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು, ಬಲಗಾಲನ್ನು ಮೊರದಂತೆ ಮುಂದಕ್ಕೆ ಚಾಚಿ, ಯಜಮಾನಿಕೆ ಮಾಡುತ್ತಿದ್ದಳು.

"ರೀ, ಬಲಗಡೆ ಎತ್ತು ಮೈಗಳ್ಳ ಐತ್ರಿ. ಬರೇ ಉಸರು ಬಿಡತೈತಿ, ಎಳಿಯಂಗಿಲ್ಲ."

"ಮೇವ ಜಾಸ್ತಿ ಆಗೇತಿ ಅದಕ್ಕ," ಅಂದರು ಮಾವ.

ಮೂರನೆಯ ದಿನ ಮಾವ ಬುಟ್ಟಿಯಲ್ಲಿ ಹೆಂಡಿ ತಂದರು. ಸಗಣಿ ಸಾರಿಸದೆ ಕಣ ಮುಗಿಯುವುದಿಲ್ಲ ಎಂಬುದು ಅವರ ಲೆಕ್ಕ. ನಾನು ಬುಟ್ಟಿಗೆ ಅಡ್ಡ ನಿಂತೆ.

"ಮಾವಾ, ಹೆಂಡಿ ಬ್ಯಾಡ್ರಿ. ಹಾಳಿ ಕೆಳಗ ಕೊಳೀತೈತಿ, ಹುಳ ಆಗ್ತಾವು. ಹುಳ ಹಾಳಿ ತಿಂದ್ರ?"

"ಹುಳ ಪ್ಲಾಸ್ಟಿಕ್ ತಿಂದದ್ದ ಎಲ್ಲಿ ನೋಡಿಯೋ?"

"ನೋಡಿಲ್ಲರಿ. ತಿಂದ್ರ?"

"ಶಾರೀ," ಎಂದು ಮಾವ ಅಕ್ಕನ ಕಡೆ ತಿರುಗಿದರು, "ತಿಂದ್ರ, ಬಿದ್ರ, ಹರದ್ರ, ಈ ಮೂರು ಮಾತ ನಿನ್ನ ತಮ್ಮನ ಬಾಯಾಗಿಂದ ತಗದಬಿಟ್ರ ಅಂವಾ ಮೂಕ ಆಗತಾನ ನೋಡು."

ಕೊನೆಗೆ ಒಪ್ಪಂದವಾಯಿತು. ಸುತ್ತಿನ ಒಳಗೆ ಹೆಂಡಿ ಇಲ್ಲ, ಹೊರಗೆ ಎರಡಡಿ ಅಗಲಕ್ಕೆ ಅವರು ಬೇಕಾದಷ್ಟು ಸಾರಿಸಬಹುದು. ಅವರು ಸಾರಿಸಿದ ಸೊಬಗು ನೋಡಿದರೆ ಮದುವೆಯ ಹಂದರದ ನೆಲವೂ ನಾಚಬೇಕು.

ಕಲ್ಲು ಉರುಳಿ ಉರುಳಿ ನೆಲ ಕನ್ನಡಿಯಂತಾಯಿತು. ಅದು ಸಮ ಇದೆಯೇ ಎಂಬುದು ನನ್ನ ಪಟ್ಟಿಯ ಎರಡನೆಯ ಅಂಶ. ಅದನ್ನು ನೋಡಲು ಗೌಂಡಿಗಳ ನೀರಿನ ಟ್ಯೂಬು ಸಾಕು: ಉದ್ದನೆಯ ಪಾರದರ್ಶಕ ನಳಿಕೆ, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆದರೆ ಫಕ್ಕೀರಪ್ಪ ಮಾವನ ಕಣಕ್ಕೆ ಟ್ಯೂಬು ಹಿಡಿಯುವುದೆಂದರೆ, ಬೀಗರು ಬಡಿಸಿದ ಊಟಕ್ಕೆ ಉಪ್ಪು ನೋಡಿ ಕುಳಿತ ಹಾಗೆ. ಎರಡು ದಿನ ಟ್ಯೂಬನ್ನು ಚೀಲದಲ್ಲಿ ಇಟ್ಟುಕೊಂಡೇ ರಾಣೆಬೆನ್ನೂರು ಅಗಡಿ ಓಡಾಡಿದೆ. ಮೂರನೆಯ ದಿನ ಮಧ್ಯಾಹ್ನ ಮಾವ ಊಟ ಮಾಡಿ ಅಡ್ಡಾದಾಗ ಅಕ್ಕನಿಗೆ ಒಂದು ತುದಿ ಕೊಟ್ಟು ಪಡುವಣಕ್ಕೆ ಕೂರಿಸಿ, ನಾನು ಇನ್ನೊಂದು ತುದಿ ಹಿಡಿದು ಮೂಡಣಕ್ಕೆ ಕುಕ್ಕರಗಾಲಿನಲ್ಲಿ ಕುಳಿತೆ. ನೀರಿಗೆ ಯಾರ ಮರ್ಯಾದೆಯೂ ಗೊತ್ತಿಲ್ಲ. ನಾಲ್ಕು ಬೆರಳು ಇಳಿಜಾರು ತೋರಿಸಿತು.

"ಏನದು?" ಮಾವ ಬಾಗಿಲಲ್ಲಿ ನಿಂತಿದ್ದರು.

"ಏನಿಲ್ರಿ ಮಾವಾ. ಟ್ಯೂಬಿನಾಗ ನೀರ ಐತೇನು ಅಂತ ನೋಡಾಕತ್ತಿದ್ವಿ."

"ನನ್ನ ಕಣಕ್ಕ ಟ್ಯೂಬ ಹಿಡದಿ."

"ಮೂಡಲಕ್ಕ ನಾಕ ಬಟ್ಟು ಇಳಕಲು ಐತ್ರಿ…"

"ಇರಬೇಕು ಮತ್ತ!" ಮಾವನ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಮ್ಮಪ್ಪನ ಕಣಾನೂ ಹಂಗ ಇತ್ತು, ಅವರಪ್ಪಂದೂ ಹಂಗ ಇತ್ತು. ಒಕ್ಕೂ ಮುಂದ ಅಡ್ಡಮಳಿ ಬಂದ್ರ ನೀರು ಸರಕ್ಕನ ಮೂಡಲಕ್ಕ ಹರದ ಹೋಗಬೇಕು. ನೀರ ನಿಂತರ ಅದು ಕಣ ಏನೋ?"

ಹೇಳಿದ ಮೇಲೆ ಅವರಿಗೇ ತಿಳಿಯಿತು. ಮೂರು ತಲೆಮಾರಿನಿಂದ ಅವರ ಕೈ ನೀರನ್ನು ಹೊರಗೆ ಹಾಕಲು ಕಲಿತಿತ್ತು. ನಾನು ಅವರಿಗೆ ನೀರನ್ನು ಹಿಡಿದಿಡುವ ನೆಲ ಮಾಡಲು ಹೇಳಿದ್ದೆ, ಅವರು ಕಣ ಮಾಡಿದ್ದರು.

ಅಕ್ಕ ಟ್ಯೂಬಿನ ತುದಿ ಹಿಡಿದುಕೊಂಡೇ, ಮೆಲ್ಲಗೆ ಅಂದಳು: "ರೀ, ನಿಮ್ಮ ಕಣ ಛಲೋನ ಐತಿ. ಆದ್ರ ನಾ ಜೋಳ ಅಲ್ರಿ. ನನಗ ನೀರ ನಿಲ್ಲೂ ಕಣ ಬೇಕು."

ಮಾವ ಹೆಗಲಿನ ಟವೆಲು ಕೊಡವಿ ಹೊಲದ ಕಡೆ ನಡೆದರು. ಆ ಸಂಜೆ ರಾಣೆಬೆನ್ನೂರಿನ ಬಸ್ಸಿನಲ್ಲಿ ಕುಳಿತು ನನ್ನ ಪಟ್ಟಿಗೆ 'ಮಾವ ಮಾತು ಬಿಟ್ಟರೆ' ಎಂದು ಸೇರಿಸಿದೆ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಬಂದು ಅಂಗಳಕ್ಕೆ ಕಾಲಿಟ್ಟರೆ ಸಲಿಕೆಯ ಕರಕರ ಸಪ್ಪಳ. ಮಾವ ಪಡುವಣದ ಕಡೆಯನ್ನು ಎಳೆ ಎಳೆಯಾಗಿ ಕೆತ್ತಿ ಮುಗಿಸಿದ್ದರು.

"ತಗ್ಗ ತುಂಬಿಲ್ಲ ನೋಡು," ಎಂದರು, ನನ್ನ ಮುಖ ನೋಡದೆ. "ತುಂಬಿದ ಮಣ್ಣು ಭಾರಕ್ಕ ಕುಂದರತೈತಿ. ದಿಬ್ಬ ಕೆತ್ತೇನಿ. ಹಿಡಿ ನಿನ್ನ ಟ್ಯೂಬ."

ಹಿಡಿದೆ. "ಇನ್ನ ಅರ್ಧ ಬಟ್ಟು ಐತ್ರಿ ಮಾವಾ."

"ಯಾರ ಬಟ್ಟು? ನಿಂದೋ, ನಂದೋ?"

ಅಳತೆಗೆ ನನ್ನ ಬೆರಳನ್ನೇ ಇಟ್ಟುಕೊಂಡು ಅದನ್ನೂ ಕೆತ್ತಿದರು. ನೀರು ಎರಡೂ ಕಡೆ ಒಂದೇ ಗೆರೆಗೆ ನಿಂತಾಗ ಮಾವ ಟ್ಯೂಬನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮಧ್ಯಾಹ್ನದೊಳಗೆ ಮನೆಯ ಕಟ್ಟೆ, ಹೊಸ್ತಿಲು, ದನದ ಗೋದಲಿ, ಎಲ್ಲದಕ್ಕೂ ಟ್ಯೂಬು ಹಿಡಿದು, ತಮ್ಮ ಮನೆ ಕಟ್ಟಿದ ಗೌಂಡಿಯನ್ನು ಇಪ್ಪತ್ತು ವರ್ಷ ತಡವಾಗಿ ಬೈದರು.

ತಳವಾದ ಮೇಲೆ ಅಂಚು. ಗೋಡೆ ನೆಲಕ್ಕೆ ಕೂಡುವ ಕಡೆ ಒಳಗೆ ಸುತ್ತಲೂ ಒದ್ದೆ ಮಣ್ಣಿನ ಇಳಿಜಾರು ದಿಂಡು ಕಟ್ಟಬೇಕು. ಇಲ್ಲದಿದ್ದರೆ ನೀರಿನ ಒತ್ತಡಕ್ಕೆ ಹಾಳೆ ಮೂಲೆಯಲ್ಲಿ ಉಬ್ಬಿ ಗೋಡೆಯ ಕೆಳಗೆ ನುಸುಳುತ್ತದೆ. ಮಾವನ ಕೈಗೆ ಗಲ್ಲದಂಥ ದಿಂಡು ಬರಲಿಲ್ಲ, ಹೊಲದ ಬದುವಿನಂಥದ್ದು ಬಂತು. ಅಕ್ಕ ಕುರ್ಚಿಯಿಂದ ಸೀಮೆಸುಣ್ಣ ಎಸೆದಳು.

"ಮೂಲಿ ಬರಬಾರದ್ರಿ. ಜಂಪರಿನ ಬಗಲ ಕತ್ತರಸೂ ಹಂಗ ಗುಂಡಗ ಬರಬೇಕು."

"ನಾ ಎಂದ ಜಂಪರ ಕತ್ತರಸೇನಿ?"

"ಹರದೀರಲ್ಲ, ಹೊಲದು ಕೊಟ್ಟಿದ್ದನ್ನ ಹೊಲದಾಗ ಬೆದರಗೊಂಬಿಗೆ ಹಾಕಿ!"

ಅವಳೇ ಹಳೆಯ ರಟ್ಟಿನ ಮೇಲೆ ಬಗಲಿನ ಆಕಾರ ಬರೆದು ಕತ್ತರಿಸಿಕೊಟ್ಟಳು. ಆ ರಟ್ಟನ್ನು ದಿಂಡಿನ ಮೇಲೆ ಎಳೆಯುತ್ತ ಮಾವ ಒಂದು ಸುತ್ತು ಬಂದಾಗ, ಅಂಥ ಅಂಚನ್ನು ನಾನು ಕೃಷಿಹೊಂಡ ಮಾಡುವವರಲ್ಲೂ ಕಂಡಿರಲಿಲ್ಲ. ಜಾಲರಿ ನಿಲ್ಲಿಸಿದೆವು. ಅದರ ಮೇಲಂಚಿನ ತಂತಿತುದಿಗಳು ಚುಚ್ಚದಂತೆ, ಹನಿ ನೀರಾವರಿಯ ಹಳೆಯ ಕರಿಪೈಪನ್ನು ಉದ್ದಕ್ಕೆ ಸೀಳಿ ಸುತ್ತಲೂ ಸಿಕ್ಕಿಸಿದೆ.

ಇನ್ನು ಹಾಳೆಗೂ ನೆಲಕ್ಕೂ ನಡುವೆ ಮೆತ್ತಗೆ ಏನಾದರೂ ಬೇಕು. ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ಪರಿಚಯದವನೊಬ್ಬ ಹಳೆಯ ಗೋಣಿಚೀಲ ಕೊಟ್ಟ. ವಾರಕ್ಕೆರಡು ಸಲ ಬ್ಯಾಡಗಿಗೆ ಹೋಗಿ ಬರುವ ನನ್ನ ಮೂಗಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಂಗಳದಲ್ಲಿ ಬಿಚ್ಚಿ, ಮಾವ ಒಂದು ತುದಿ, ನಾನು ಒಂದು ತುದಿ ಹಿಡಿದು ಝಾಡಿಸಿದೆವು ನೋಡಿ, ಕೆಂಪು ಮೋಡವೊಂದು ಎದ್ದು ಓಣಿಯ ಮೇಲೆ ನಿಂತಿತು. ಮಾವ ಸೀನಿದರು, ನಾನು ಸೀನಿದೆ, ಎಮ್ಮೆ ಸೀನಿತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ ಎಂದು ವ್ಯಾಪಾರಿಗಳು ಹೇಳುತ್ತಾರೆ. ಆ ಮಾತು ಹೊಟ್ಟೆಗೆ ಸರಿ, ಮೂಗಿಗಲ್ಲ. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, ನಗುವಿಗೂ ಸೀನಿಗೂ ನಡುವೆ ಸಿಕ್ಕು, "ಬಸ್ಯಾ… ನಿನ್ನ ಪಟ್ಟಿಯಾಗ… ಇದು ಎಷ್ಟನೇ ನಂಬರೋ?" ಎಂದಳು. ಇದು ಇರಲಿಲ್ಲ.

ಚೀಲಗಳನ್ನು ನಾಲ್ಕು ಸಲ ನೀರಿನಲ್ಲಿ ಅಲುಬಿದೆವು. ಮೊದಲ ಮೂರು ಸಲ ಬಂದ ನೀರು ನೋಡಿ ನೀಲವ್ವ, ಇನ್ನೂ ಸೀನುತ್ತಲೇ, "ಯಾರ ಮದಿವ್ಯೋ, ಓಕಳಿ ಆಡಾಕತ್ತೀರಿ?" ಎಂದು ಕೇಳಿದಳು. ಒಣಗಿದ ಚೀಲಗಳನ್ನು ಸೀಳಿ ಹರವಿ ಒಂದಕ್ಕೊಂದು ಜೋಡಿಸಿದವಳು ಅಕ್ಕ. ಮಶಿನ್ನು ತುಳಿಯಲಾಗದಿದ್ದರೇನು, ದಬ್ಬಣಕ್ಕೆ ಕಾಲು ಬೇಡವಲ್ಲ. ಜನವರಿಯಿಂದ ಈಚೆಗೆ ಅವಳ ತೊಡೆಯ ಮೇಲೆ ಬಟ್ಟೆ ಬಿದ್ದದ್ದು ಅದೇ ಮೊದಲು. ಬಟ್ಟೆ ಅಂದರೆ ಗೋಣಿಯೇ. ಗಂಟುಗಳೆಲ್ಲ ಕೆಳಮುಖ, ಮೇಲೆ ನುಣುಪು.

ಏಪ್ರಿಲಿನ ಒಂದು ರಣಬಿಸಿಲಿನ ಮಧ್ಯಾಹ್ನ ಹಾಳೆ ಇಳಿಸಿದೆವು. ಬಿಸಿಲಿಗೆ ಕಾದರೆ ಹಾಳೆ ಮೆತ್ತಗಾಗಿ ಹೇಳಿದ ಮಾತು ಕೇಳುತ್ತದೆ. ಒಳಗೆ ಹೋಗುವವರ ಚಪ್ಪಲಿ, ಉಂಗುರ, ಉಡದಾರದ ಬೀಗದಕೈ, ಎಲ್ಲವನ್ನೂ ಹೊರಗೆ ತೆಗೆಸಿದೆ. ಮಾವ, "ಹಲ್ಲಾ ತಗೀಲೇನು? ಕಟ್ಟಸಿದ್ದು ಎರಡ ಅದಾವು" ಎಂದರು. ಎರಡು ಬೆರಳು ನೀರು ಬಂದಾಗ ಮೋಟರು ನಿಲ್ಲಿಸಿ, ನಡುವಿನಿಂದ ಅಂಚಿಗೆ ಸುಕ್ಕು ತಳ್ಳಬೇಕು. ನನಗೂ ಮಾವನಿಗೂ ಸುಕ್ಕು ಹೋಗಲೊಲ್ಲದು. ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತದೆ. ಅಕ್ಕ ನೋಡುವಷ್ಟು ನೋಡಿ, "ಎತ್ತಿ ಒಳಗ ಬಿಡ್ರಿ ನನ್ನ" ಎಂದಳು. ಕೂತಲ್ಲೇ ಸರಿಯುತ್ತ, ಅಂಗೈಯಿಂದ ಓರೆಯಾಗಿ ಸವರುತ್ತ, ಲೈನಿಂಗ್ ಬಟ್ಟೆ ಕೂರಿಸುವಂತೆ ಅಷ್ಟಗಲದ ಹಾಳೆಯನ್ನು ಒಂದು ಗೆರೆಯಿಲ್ಲದೆ ಕೂರಿಸಿದಳು. ಎರಡು ಬೆರಳು ನೀರಿನಲ್ಲಿ ಕಾಲು ಚಾಚಿ ಕುಳಿತ ಅವಳ ಮುಖದಲ್ಲಿ ಕೆಲಸ ಮುಗಿಸಿದವರ ಗತ್ತು ಇತ್ತು. ಬಲಪಾದ ಮಾತ್ರ ನೀರಿನಲ್ಲಿ ಮರೆತಿಟ್ಟ ಸಾಮಾನಿನಂತೆ ಬಿದ್ದಿತ್ತು.

ತುಂಬಿತು. ನಿಂತಿತು. ಗೋಡೆ ಬಾಯಿ ಬಿಡಲಿಲ್ಲ. ನಾನು ಒಂದು ವಾರ ಸುತ್ತ ತಿರುಗಿ ಮಣ್ಣು ಮುಟ್ಟಿ ಮುಟ್ಟಿ ನೋಡಿದೆ, ಎಲ್ಲೂ ಒದ್ದೆಯಿಲ್ಲ. ವಾರಕ್ಕೊಮ್ಮೆ ಅರ್ಧ ನೀರನ್ನು ಮಾವನ ಬದನೆಗೂ ನೀಲವ್ವನ ಬೆಂಡೆಗೂ ಬಿಟ್ಟಿದ್ದರಿಂದ ಯಾರೂ ಅರ್ಜಿ ಕೊಡಲಿಲ್ಲ. ಎಮ್ಮೆ ತಿರುಗಿಯೂ ನೋಡಲಿಲ್ಲ. ನನಗೆ ಸ್ವಲ್ಪ ಅವಮಾನವೇ ಆಯಿತು.

ಅಕ್ಕ ಮಾವನ ಪೈಜಾಮ, ಹಳೆ ಅಂಗಿ ತೊಟ್ಟು ದಿನಾ ಬೆಳಗ್ಗೆ ಇಳಿಯುತ್ತಿದ್ದಳು. ಮೊದಲು ಮಾವನ ತೋಳು ಹಿಡಿದು, ಆಮೇಲೆ ಅಂಚಿನ ಪೈಪು ಹಿಡಿದು, ಹದಿನೈದು ದಿನಕ್ಕೆ ಏನೂ ಹಿಡಿಯದೆ, ಗಾಣದ ಎತ್ತಿನಂತೆ ಸುತ್ತು. ಹೊರಗೆ ಬಂದ ಮೇಲೆ ಪರೀಕ್ಷೆ. ಅವಳು ಕಣ್ಣು ಮುಚ್ಚಬೇಕು, ಮಾವ ಕಸಬರಿಗೆಯ ಕಡ್ಡಿಯಿಂದ ಅಂಗಾಲು ಮುಟ್ಟಬೇಕು.

"ಈಗ?"

"ಇಲ್ಲ."

"ಈಗ?"

"ಇಲ್ಲ."

ಒಂದು ವಾರ, ಎರಡು ವಾರ, ನಾಲ್ಕು ವಾರ. ನಾನು ಅಂಗಡಿಯಿಂದ ಫೋನು ಮಾಡಿ "ಏನರೆ…" ಎನ್ನುವುದು, ಅವಳು "ಊಟ ಮಾಡಿದಿ?" ಎಂದು ಕೇಳುವುದು. ಕ್ರಮೇಣ ಮಾವ ಕಡ್ಡಿ ತರುವುದನ್ನು ಬಿಟ್ಟರು. ಅವಳೂ ಕೇಳಲಿಲ್ಲ. ಮೇ ಅರ್ಧ ದಾಟಿದ ಒಂದು ಭಾನುವಾರ ಅಕ್ಕ ತಲೆ ಒರೆಸಿಕೊಳ್ಳುತ್ತ, ಪೇಟೆಯಿಂದ ಸೊಪ್ಪು ತಾ ಅಂದಷ್ಟು ಸಲೀಸಾಗಿ ಅಂದಳು: "ಬಸು, ಮಶಿನ್ ಯಾರಿಗರೆ ಕೊಟ್ಟಬಿಡು. ಸುಮ್ಮನ ಜಂಗ ಹಿಡೀತೈತಿ."

ನೋಡೋಣ ಎಂದೆ. ಬಸ್ಸಿನಲ್ಲಿ ಡೈರಿ ತೆರೆದೆ. ಮೂವತ್ತೇಳು ಅಂಶಗಳಲ್ಲಿ ಹೆಗ್ಗಣವಿತ್ತು, ಭೂಕಂಪವಿತ್ತು, ಮಾವನ ಸಿಟ್ಟಿತ್ತು. 'ಎಲ್ಲ ಸರಿಯಾಗಿ, ಕಾಲು ಏಳದಿದ್ದರೆ' ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ನಿಜವಾದ ಅಂಜಿಕೆ ಇರುವ ಕಡೆ ನನ್ನ ಪೆನ್ನು ಹೋಗುವುದಿಲ್ಲ ಎಂದು ನನಗೆ ಅವತ್ತು ತಿಳಿಯಿತು. ಅವತ್ತೂ ಬರೆಯಲಿಲ್ಲ.

ಅದಾಗಿ ಹತ್ತು ದಿನಕ್ಕೆ, ಮೋಡ ಕಟ್ಟಿ ಸೆಕೆಯಾಗಿದ್ದ ಒಂದು ಬೆಳಗ್ಗೆ, ನಾನು ಅಂಚಿಗೆ ಬಾಗಿ ಚಹಾ ಸೋಸುವ ಜರಡಿಯಿಂದ ಬೇವಿನ ಎಲೆ ತೆಗೆಯುತ್ತಿದ್ದೆ. ಮಾವ ಕಟ್ಟೆಯ ಮೇಲೆ ಚಹಾ ಬಸಿಯಲ್ಲಿ ಹಾಕಿಕೊಂಡು ಕುಳಿತಿದ್ದರು. ಅಕ್ಕ ತನ್ನ ಸುತ್ತು ಹಾಕುತ್ತಿದ್ದವಳು ಪಡುವಣದ ಕಡೆ ನಿಂತಳು.

"ಏ ಬಸು, ಇಲ್ಲೊಂದು ಕಲ್ಲ ಐತಲ್ಲೋ ಕೆಳಗ."

ನನಗೆ ಸಿಟ್ಟೇ ಬಂತು. "ಕಲ್ಲು? ಸಾಧ್ಯನ ಇಲ್ಲ. ಮೂರ ಜರಡಿ ಹಿಡದೇನಿ ನಾ ಆ ಮಣ್ಣು."

"ಐತಿ. ಕಡ್ಲಿಕಾಳಿನಷ್ಟ."

"ನಿನ್ನ ಚೀಲದ ಗಂಟು ಇರಬೇಕು ನೋಡು."

"ನಾ ಹೊಲದಿದ್ರಾಗ ಗಂಟು ಮ್ಯಾಲ ಬರತೈತೇನೋ? ಕಲ್ಲ ಇದು. ಚುಚ್ಚತೈತಿ."

"ಹಾಳಿ ಅಷ್ಟ ದಪ್ಪ ಐತಿ, ಹೆಂಗ ಚುಚ್ಚತೈತಿ?"

"ನೀ ಬಂದ ತುಳದ ನೋಡು ಹಂಗಾರ!"

ಜಗಳ ಇನ್ನೂ ನಡೆಯುತ್ತಿತ್ತು. ಮಾವ ಬಸಿಯನ್ನು ಕೆಳಗಿಟ್ಟರು.

"ಶಾರೀ," ಎಂದರು. "ಯಾವ ಕಾಲಿಗೆ?"

ಅಕ್ಕ ನೀರಿನೊಳಗೆ ಬಗ್ಗಿ ನೋಡಿದಳು. ಒಂದು ಕಾಲು ಎತ್ತಿದಳು, ಇಟ್ಟಳು. ಇನ್ನೊಂದನ್ನು ಎತ್ತಿ, ಬಹಳ ನಿಧಾನವಾಗಿ, ಅದೇ ಜಾಗಕ್ಕೆ ಇಳಿಸಿದಳು.

"ಬಲಗಾಲಿಗ್ರಿ," ಎಂದಳು.

ಮಾವ ಪಂಜೆ, ಅಂಗಿ, ಹೆಗಲ ಮೇಲಿನ ಟವೆಲು ಸಮೇತ ನೀರಿಗಿಳಿದರು. ಹೆಂಡತಿಯ ಪಕ್ಕ ನಿಂತು ಕಾಲ ಹೆಬ್ಬೆರಳಿನಿಂದ ತಳ ತಡವಿ, "ಐತಿ" ಎಂದರು, ಅಷ್ಟೇ. ಆಮೇಲೆ ಇಬ್ಬರೂ ಸರದಿಯ ಮೇಲೆ ಆ ಒಂದೇ ಜಾಗವನ್ನು ತುಳಿಯುತ್ತ ನಿಂತರು. ನೀಲವ್ವ ಗೋಡೆಯ ಮೇಲಿಂದ "ಏನಾತಬೇ? ಏನ ಸಿಕ್ಕತು?" ಎಂದು ಕೂಗುತ್ತಲೇ ಇದ್ದಳು. ಅಕ್ಕ ಅಳುತ್ತ ನಗುತ್ತ, "ಕಲ್ಲ ಸಿಕ್ಕತಬೇ, ಕಲ್ಲ!" ಎಂದು ಕೂಗಿದಳು.

ನನಗೆ ಹುಟ್ಟುಗುಣ ಎಲ್ಲಿ ಹೋಗಬೇಕು? ನಾನು, "ಹಾಳಿ ಹರದ್ರ? ನೀರ ಬಿಟ್ಟು ತಗದಬಿಡ್ತೇನಿ" ಎಂದೆ.

"ಮುಟ್ಟಿದ್ರ ನೋಡು ಮತ್ತ!" ಎಂದಳು ಅಕ್ಕ.

ಕೊನೆಗೆ ನಾನೂ ಇಳಿದು ತುಳಿದು ನೋಡಿದೆ. ವಾದಕ್ಕೆ ಜಾಗವೇ ಇರಲಿಲ್ಲ. ಆ ಬೇಸಗೆಯಲ್ಲಿ ಕೆಟ್ಟದ್ದು ಇದೊಂದೇ: ಮೂರು ಜರಡಿ ಹಿಡಿದವನು, ಹಾಳೆಯ ಕೆಳಗೆ ಒಂದು ಕಲ್ಲು ಬಿಟ್ಟಿದ್ದೆ.